ಒಂದೇ ಜಿಲ್ಲೆ, ಹಲವು ಮಳೆಗಾಲ: ಉತ್ತರ ಕನ್ನಡದ ಸೆಕೆ, ಮಳೆ, ಮಂಜಿನ ಲೆಕ್ಕ

ಜುಲೈ ತಿಂಗಳಲ್ಲಿ ಕುಮಟಾದಿಂದ ಮುಂಡಗೋಡಕ್ಕೆ ಹೋದವರಿಗೆ ಇದು ಗೊತ್ತು. ಕುಮಟಾ ಬಸ್ ನಿಲ್ದಾಣದಲ್ಲಿ ಕೊಡೆ ಬಿಡಿಸಿದರೂ ಮೊಣಕಾಲ ತನಕ ಒದ್ದೆ. ದೇವಿಮನೆ ಘಟ್ಟ ಹತ್ತುವಾಗ ಎದುರಿನ ಗಾಡಿಯ ದೀಪ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಶಿರಸಿಯಲ್ಲೂ ಮಳೆ ಇದೆ, ಆದರೆ ಅಷ್ಟು ಜೋರಿಲ್ಲ. ಜಿಟಿಜಿಟಿ ಅಂತ ಬಿಡದೆ ಹೊಯ್ಯುತ್ತಿರುತ್ತದೆ. ಅಲ್ಲಿಂದ ಪೂರ್ವಕ್ಕೆ ಇನ್ನೊಂದಿಷ್ಟು ಹೋಗಿ ಮುಂಡಗೋಡ ಮುಟ್ಟಿದರೆ ಮೋಡದ ನಡುವೆ ಬಿಸಿಲು. ಗೋವಿನಜೋಳದ ಹೊಲದ ಬದಿಯಲ್ಲಿ ನಿಂತವರು ಇನ್ನೊಂದು ಹದ ಮಳೆ ಬೇಕಿತ್ತು ಅಂತ ಮಾತಾಡುತ್ತಿರುತ್ತಾರೆ. ನೂರು ಕಿ.ಮೀ. ಆಸುಪಾಸಿನ ದಾರಿ. ಒಂದೇ ಜಿಲ್ಲೆ, ಒಂದೇ ದಿನ.

ಉತ್ತರ ಕನ್ನಡಕ್ಕೆ 12 ತಾಲ್ಲೂಕು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಕಡಲ ಬದಿಯವು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ, ದಾಂಡೇಲಿ ಘಟ್ಟದ ಮೇಲಿನವು. ಹಳಿಯಾಳ ಮತ್ತು ಮುಂಡಗೋಡ ಬಯಲುಸೀಮೆಗೆ ಮುಖ ಮಾಡಿ ಕೂತಿವೆ. ಕಡಲ ಬದಿಯ ಊರುಗಳಲ್ಲಿ ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ. ಘಟ್ಟದ ಅಂಚಿನಲ್ಲಿರುವ ಕ್ಯಾಸಲ್‌ರಾಕ್‌ನಲ್ಲಿ 5,000 ಮಿ.ಮೀ. ಆಸುಪಾಸು. ಶಿರಸಿಗೆ ಬರುವಷ್ಟರಲ್ಲಿ ಅದು ಸುಮಾರು 2,500ಕ್ಕೆ ಇಳಿಯುತ್ತದೆ. ಹಳಿಯಾಳ, ಮುಂಡಗೋಡದಲ್ಲಿ ಸಾವಿರದ ಚಿಲ್ಲರೆ ಮಾತ್ರ. ಟಿವಿಯಲ್ಲಿ "ಉತ್ತರ ಕನ್ನಡ ಜಿಲ್ಲೆಯಲ್ಲಿ ಭಾರಿ ಮಳೆ" ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತಾರಲ್ಲ, ಆ ಸಾಲಿನಿಂದ ಯಾರಿಗೂ ಹೆಚ್ಚೇನೂ ತಿಳಿಯುವುದಿಲ್ಲ.

ಇಲ್ಲಿಯ ಹವೆಯನ್ನು ಅರ್ಥ ಮಾಡಿಕೊಳ್ಳಲು ನನಗೆ ಕಂಡ ಸುಲಭದ ದಾರಿ ಒಂದಿದೆ. ಮಳೆಯನ್ನು ಬಿಟ್ಟು ನೀರಾವಿಯ ಬೆನ್ನು ಹತ್ತಬೇಕು. ಕಡಲಿನಿಂದ ಎದ್ದ ಆವಿ ಮೇ ತಿಂಗಳಲ್ಲಿ ಸೆಕೆಯಾಗಿ ಕಾಡುತ್ತದೆ. ಜುಲೈಯಲ್ಲಿ ಮಳೆಯಾಗಿ ಸುರಿಯುತ್ತದೆ. ಡಿಸೆಂಬರ್‌ನಲ್ಲಿ ತೋಟದ ಮೇಲೆ ಮಂಜಾಗಿ ಕೂರುತ್ತದೆ. ಅಡಿಕೆ ಕೊಳೆಯುವುದಕ್ಕೂ ಗುಡ್ಡ ಜಾರುವುದಕ್ಕೂ ಬೇರು ಅಲ್ಲೇ ಇದೆ.

ಶೇಕಡಾವಾರು ತೇವಾಂಶ ಹೇಳುವುದು ಅರ್ಧ ಮಾತ್ರ

ಹವಾಮಾನದ ಆ್ಯಪ್‌ನಲ್ಲಿ "ತೇವಾಂಶ ಶೇ. 70" ಅಂತ ಬರುತ್ತದೆ. ಚಳಿಗಾಲದ ಬೆಳಗಿನಲ್ಲಿ ಅದೇ ಆ್ಯಪ್ ಶೇ. 100 ತೋರಿಸುತ್ತದೆ. ಹಾಗಾದರೆ ಚಳಿಗಾಲದಲ್ಲೇ ಜಾಸ್ತಿ ಸೆಕೆ ಆಗಬೇಕಿತ್ತು, ಅಲ್ವಾ? ಆಗುವುದಿಲ್ಲ. ಯಾಕೆಂದರೆ ಶೇಕಡಾ ಲೆಕ್ಕ ಆವಿ ಎಷ್ಟಿದೆ ಎಂದು ಹೇಳುವುದಿಲ್ಲ. ಆ ಹೊತ್ತಿನ ಬಿಸಿಗೆ ಗಾಳಿ ಎಷ್ಟು ಆವಿ ಹಿಡಿಯಬಲ್ಲದೋ, ಅದರಲ್ಲಿ ಎಷ್ಟು ಪಾಲು ತುಂಬಿದೆ ಎಂದಷ್ಟೇ ಹೇಳುತ್ತದೆ.

ಬಿಸಿ ಗಾಳಿಯಲ್ಲಿ ಜಾಸ್ತಿ ಆವಿ ಇರಬಲ್ಲದು, ತಣ್ಣನೆಯ ಗಾಳಿಯಲ್ಲಿ ಕಡಿಮೆ. 15 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 13 ಗ್ರಾಂ ನೀರಾವಿ ಇರಬಲ್ಲದು. 20 ಡಿಗ್ರಿಯಲ್ಲಿ 17 ಗ್ರಾಂ. 30 ಡಿಗ್ರಿಗೆ ಹೋದರೆ 30 ಗ್ರಾಂ. ಈಗ ಶಿರಸಿಯಲ್ಲಿ ಡಿಸೆಂಬರ್‌ನ ಒಂದು ಬೆಳಗು ಅಂದುಕೊಳ್ಳಿ. 15 ಡಿಗ್ರಿ, ತೇವಾಂಶ ಶೇ. 100. ಗಾಳಿಯಲ್ಲಿರುವುದು 13 ಗ್ರಾಂ ನೀರು. ಹೊನ್ನಾವರದಲ್ಲಿ ಮೇ ತಿಂಗಳ ಮಧ್ಯಾಹ್ನ, 33 ಡಿಗ್ರಿ, ತೇವಾಂಶ ಶೇ. 70 ಇದ್ದರೆ ಅದು ಸುಮಾರು 25 ಗ್ರಾಂ. ಶೇಕಡಾ ಕಡಿಮೆ, ನೀರು ಮಾತ್ರ ಹತ್ತಿರ ಹತ್ತಿರ ಎರಡು ಪಟ್ಟು.

ಮೈ ತಂಪಾಗುವುದು ಬೆವರು ಬರುವುದರಿಂದಲ್ಲ, ಬಂದ ಬೆವರು ಆರುವುದರಿಂದ. ಆರುವ ಪ್ರತಿ ಹನಿಯೂ ಚರ್ಮದಿಂದ ಒಂದಿಷ್ಟು ಶಾಖ ತೆಗೆದುಕೊಂಡು ಹೋಗುತ್ತದೆ. ಸುತ್ತಲ ಗಾಳಿಯಲ್ಲಿ ಆಗಲೇ ಅಷ್ಟೊಂದು ಆವಿ ಇದ್ದರೆ ಬೆವರು ಆರುವುದು ನಿಧಾನ. ಅಂಗಿ ಒದ್ದೆಯಾಗುತ್ತದೆ, ಶಾಖ ಒಳಗೇ ಉಳಿಯುತ್ತದೆ. ಕಲಬುರಗಿಯಲ್ಲಿ 40 ಡಿಗ್ರಿ ಒಣ ಬಿಸಿಲಿನಲ್ಲಿ ನೆರಳಿಗೆ ನಿಂತರೆ ಸ್ವಲ್ಪ ಹಾಯೆನಿಸುತ್ತದೆ. ಭಟ್ಕಳದ 34 ಡಿಗ್ರಿಯಲ್ಲಿ ನೆರಳೂ ಅಷ್ಟು ಆಸರೆಯಲ್ಲ. ಹವಾಮಾನ ಇಲಾಖೆಗೂ ಇದು ಗೊತ್ತು. ಬಿಸಿಗಾಳಿ ಎಂದು ಘೋಷಿಸಲು ಬಯಲಿನಲ್ಲಿ ಕನಿಷ್ಠ 40 ಡಿಗ್ರಿ ಮುಟ್ಟಬೇಕು. ಕರಾವಳಿಗೆ 37 ಡಿಗ್ರಿ ಸಾಕು, ಅದು ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಜಾಸ್ತಿ ಇದ್ದರೆ.

ಕಡಲ ಬದಿಯಲ್ಲಿ ರಾತ್ರಿಯೂ ಸೆಕೆ ಇಳಿಯದಿರಲು ಕಾರಣ ಇದೇ ಆವಿ. ಹಗಲು ಕಾದ ನೆಲ ರಾತ್ರಿ ಆ ಶಾಖವನ್ನು ಮೇಲಕ್ಕೆ ಬಿಡುತ್ತದೆ. ನೀರಾವಿ ಅದನ್ನು ಹೀರಿ, ಒಂದು ಪಾಲನ್ನು ಕೆಳಕ್ಕೇ ಮರಳಿಸುತ್ತದೆ. ಆವಿ ಕಡಿಮೆ ಇರುವ ಹಳಿಯಾಳದ ಕಡೆ ಹಗಲು ಎಷ್ಟೇ ಸುಟ್ಟರೂ ಬೆಳಗಿನ ಜಾವಕ್ಕೆ ಹೊದಿಕೆ ಎಳೆದುಕೊಳ್ಳುವಷ್ಟು ತಂಪಾಗುತ್ತದೆ. ಕಾರವಾರದಲ್ಲಿ ಏಪ್ರಿಲ್, ಮೇ ರಾತ್ರಿಗಳಲ್ಲೂ ತಾಪ 25 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಹಗಲಿಡೀ ದುಡಿದ ಮೈಗೆ ರಾತ್ರಿಯೂ ಬಿಡುವು ಸಿಗುವುದಿಲ್ಲ. ಇದು ಸುಮ್ನೆ ಸಹಿಸಿಕೊಂಡು ಹೋಗುವ ಮಾತಲ್ಲ, ಆರೋಗ್ಯದ ವಿಷಯ. ಮೀನು ಒಣಗಿಸುವ ಹೆಂಗಸರು, ರಸ್ತೆ ಕೆಲಸದವರು, ತಗಡಿನ ಮಾಡಿನ ಕೆಳಗೆ ಮಲಗುವವರು ಇದನ್ನು ಎಲ್ಲರಿಗಿಂತ ಜಾಸ್ತಿ ಅನುಭವಿಸುತ್ತಾರೆ.

ಮೂಡಗಾಳಿ ಮತ್ತು ಕಡಲಗಾಳಿ

ಕರಾವಳಿಯ ಥರ್ಮಾಮೀಟರ್ ಅತಿ ಮೇಲೆ ಹೋಗುವುದು ಮೇ ತಿಂಗಳಲ್ಲಿ ಎಂದು ತುಂಬ ಜನ ತಿಳಿದಿದ್ದಾರೆ. ಹಲವು ವರ್ಷ ಅದು ಫೆಬ್ರವರಿ ಕೊನೆಯಿಂದ ಮಾರ್ಚ್ ಒಳಗೇ ಆಗಿಬಿಡುತ್ತದೆ. 2025ರಲ್ಲೂ ಫೆಬ್ರವರಿ ಕೊನೆಯ ವಾರದಲ್ಲೇ ಹವಾಮಾನ ಇಲಾಖೆ ಕರಾವಳಿ ಕರ್ನಾಟಕಕ್ಕೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟಿತ್ತು.

ಕಾರಣ ಗಾಳಿಯ ದಿಕ್ಕು. ಸಾಮಾನ್ಯ ದಿನಗಳಲ್ಲಿ ಹಗಲು ನೆಲ ಬೇಗ ಕಾಯುತ್ತದೆ, ಕಡಲು ನಿಧಾನ. ಕಾದ ನೆಲದ ಮೇಲಿನ ಗಾಳಿ ಮೇಲೇರುತ್ತದೆ. ಆ ಜಾಗ ತುಂಬಲು ಮಧ್ಯಾಹ್ನದ ಹೊತ್ತಿಗೆ ಕಡಲಿನಿಂದ ತಂಪು ಗಾಳಿ ಬೀಸುತ್ತದೆ. ಈ ಕಡಲಗಾಳಿ ಬಂದ ಕೂಡಲೇ ತಾಪ ಏರುವುದು ನಿಲ್ಲುತ್ತದೆ. ಆದರೆ ಫೆಬ್ರವರಿ, ಮಾರ್ಚ್‌ನಲ್ಲಿ ಬಯಲುಸೀಮೆಯಿಂದ ಮೂಡಗಾಳಿ ಜೋರಾಗಿ ಬೀಸುವ ದಿನಗಳಿವೆ. ಅದು ಒಣ ಗಾಳಿ. ಘಟ್ಟ ಇಳಿಯುವಾಗ ಒತ್ತಡಕ್ಕೆ ಸಿಕ್ಕಿ ಇನ್ನೂ ಬಿಸಿಯಾಗುತ್ತದೆ. ಕಡಲಗಾಳಿಯನ್ನು ದಡದಲ್ಲೇ ತಡೆದು ನಿಲ್ಲಿಸುತ್ತದೆ. ಕಡಲಗಾಳಿ ಎರಡು ತಾಸು ತಡವಾದರೆ ಸಾಕು, ಕಾರವಾರ, ಅಂಕೋಲಾ 37, 38 ಡಿಗ್ರಿ ಮುಟ್ಟುತ್ತವೆ. ಮೇ ತಿಂಗಳಲ್ಲಿ ಪಡುಗಾಳಿ ಬಲವಾಗಿರುವುದರಿಂದ ತಾಪ ಅಷ್ಟು ಏರುವುದಿಲ್ಲ. ಬದಲಿಗೆ ಆವಿ ಹೇರಿಕೊಂಡು ಬರುತ್ತದೆ. ಒಂದು ಬೇಸಿಗೆಯೊಳಗೆ ಎರಡು ಬೇಸಿಗೆ ಅನ್ನಬಹುದು: ಮೊದಲು ಸುಡುವುದು, ಆಮೇಲೆ ಬೇಯಿಸುವುದು.

ಮಾವಿನ ಹೂವಿಗೂ ಈ ಲೆಕ್ಕ ಮುಖ್ಯ. ಅಂಕೋಲಾದ ಕರಿ ಇಶಾಡು ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಆ ಮರ ಹೂ ಬಿಡುವ ಹೊತ್ತಿಗೆ ಒಣ ಹವೆ ಬೇಕು, ರಾತ್ರಿ ಸ್ವಲ್ಪ ಚಳಿ ಬೇಕು. ಆಗ ಮೋಡ ಮುಸುಕಿ ತೇವ ಜಾಸ್ತಿಯಾದರೆ ಜಿಗಿಹುಳ, ಬೂದಿರೋಗ ಏರುತ್ತವೆ. ಕಟ್ಟಿದ ಹೂ ಕಪ್ಪಾಗಿ ಉದುರುತ್ತದೆ.

ಗುಡುಗು ನಿಂತಮೇಲೆ ಮಳೆಗಾಲ

ಏಪ್ರಿಲ್, ಮೇ ತಿಂಗಳ ಸಂಜೆ ಘಟ್ಟದ ಮೇಲೆ ಗುಡುಗು, ಸಿಡಿಲು, ಗಾಳಿಯೊಂದಿಗೆ ಮಳೆ ಬರುತ್ತದೆ. ಅರ್ಧ ತಾಸಿನಲ್ಲಿ ಮುಗಿಯುತ್ತದೆ. ಜುಲೈಯಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ಮಳೆ ಹೊಯ್ಯುತ್ತದೆ, ಗುಡುಗು ಮಾತ್ರ ಬಲು ಕಡಿಮೆ. ಇದು ಯಾಕೆ ಎಂದು ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ.

ಸಿಡಿಲಿಗೆ ಎತ್ತರದ ಮೋಡ ಬೇಕು. ಬೇಸಿಗೆಯಲ್ಲಿ ಕಾದ ನೆಲದಿಂದ ಗಾಳಿ ರಭಸದಿಂದ ಮೇಲೆದ್ದು ಹತ್ತು ಕಿಲೋಮೀಟರ್‌ಗೂ ಮೇಲಕ್ಕೆ ಹೋಗುತ್ತದೆ. ಅಷ್ಟು ಮೇಲೆ ನೀರು ಮಂಜುಗಡ್ಡೆಯಾಗುತ್ತದೆ. ಮಂಜಿನ ಹರಳುಗಳೂ ಸಣ್ಣ ಆಲಿಕಲ್ಲುಗಳೂ ಒಂದಕ್ಕೊಂದು ತಾಗಿ ವಿದ್ಯುತ್ ಹಂಚಿಕೆಯಾಗುತ್ತದೆ. ಅದು ಒಮ್ಮೆಲೇ ಹರಿದರೆ ಸಿಡಿಲು. ಮಳೆಗಾಲದ ಮೋಡ ಹಾಗಲ್ಲ. ನೆಲ ತಂಪಾಗಿರುತ್ತದೆ, ಮೋಡವನ್ನು ಮೇಲಕ್ಕೆ ದೂಡುವ ಶಾಖ ಕಡಿಮೆ. ಹೆಚ್ಚಿನ ಮೋಡಗಳು ಕೆಳಮಟ್ಟದಲ್ಲೇ ಇರುತ್ತವೆ. ಒಳಗೆ ಮಂಜುಗಡ್ಡೆ ಆಗುವ ಮೊದಲೇ ಹನಿಗೆ ಹನಿ ಸೇರಿ ದಪ್ಪವಾಗಿ ಬಿದ್ದುಬಿಡುತ್ತವೆ. ಹಾಗಾಗಿ ಸದ್ದಿಲ್ಲದೆ ದಿನಗಟ್ಟಲೆ ಹೊಯ್ಯುತ್ತದೆ. ಅಕ್ಟೋಬರ್‌ನಲ್ಲಿ ಸಂಜೆ ಮತ್ತೆ ಗುಡುಗಲು ಶುರುವಾದರೆ ಮುಂಗಾರು ಕಾಲ್ತೆಗೆಯುತ್ತಿದೆ ಎಂದೇ ಅರ್ಥ. ಮಳೆಗಾಲದ ಎರಡು ತುದಿಗೂ ಗುಡುಗಿನ ಕಾವಲಿದೆ. ಸಿಡಿಲಿನ ಅಪಾಯವೂ ಆ ಎರಡು ತುದಿಗಳಲ್ಲೇ ಜಾಸ್ತಿ. ಮೋಡ ಕಪ್ಪಿಟ್ಟು ಗುಡುಗು ಕೇಳಿದರೆ ಗದ್ದೆ, ಮರದ ಬುಡ ಬಿಟ್ಟು ಮನೆಯೊಳಗೆ ಬರಬೇಕು. ಮಳೆ ಶುರುವಾಗಲಿ ಎಂದು ಕಾಯಬಾರದು. ಸಿಡಿಲು ಮಳೆಗಿಂತ ಮೊದಲೂ ಬಡಿಯುತ್ತದೆ.

ಮುಂಗಾರು ಕೇರಳಕ್ಕೆ ಕಾಲಿಡುವ ವಾಡಿಕೆಯ ದಿನ ಜೂನ್ 1. ಅಲ್ಲಿಂದ ಕೆಲವೇ ದಿನಗಳಲ್ಲಿ ನಮ್ಮ ಕರಾವಳಿಗೆ. ಆದರೆ ವಾಡಿಕೆ ಎಂದರೆ ಸರಾಸರಿ, ಅಷ್ಟೇ. 2023ರಲ್ಲಿ ಕೇರಳಕ್ಕೆ ಬಂದದ್ದು ಜೂನ್ 8ಕ್ಕೆ. 2025ರಲ್ಲಿ ಮೇ 24ಕ್ಕೇ ಬಂತು. ಎರಡು ವರ್ಷದ ಅಂತರದಲ್ಲಿ ಹದಿನೈದು ದಿನದ ವ್ಯತ್ಯಾಸ. ಮಾಡಿಗೆ ಹೆಂಚು ಹೊದೆಸುವವರಿಗೆ, ಕಟ್ಟಿಗೆ ಒಳಗೆ ಹಾಕುವವರಿಗೆ, ಭತ್ತದ ಸಸಿಗೆ ಅಗೆ ಹಾಕುವವರಿಗೆ ಹದಿನೈದು ದಿನ ಸಣ್ಣದಲ್ಲ.

ಘಟ್ಟ ಮಾಡುವ ಕೆಲಸ

ಮುಂಗಾರಿನ ಗಾಳಿ ಹೊರಡುವುದು ಭೂಮಧ್ಯರೇಖೆಯ ಆಚೆಯಿಂದ. ಆಫ್ರಿಕಾದ ಪೂರ್ವ ದಡದ ಪಕ್ಕ ತಿರುಗಿ, ಅರಬ್ಬೀ ಸಮುದ್ರ ದಾಟಿ ನಮ್ಮ ಕಡೆ ನುಗ್ಗುತ್ತದೆ. ನೆಲದಿಂದ ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಅದರ ವೇಗ ಅತಿ ಹೆಚ್ಚು. ಸಾವಿರಾರು ಕಿಲೋಮೀಟರ್ ಬೆಚ್ಚನೆಯ ಕಡಲ ಮೇಲೆ ಬಂದ ಗಾಳಿ ಅದು. ದಡ ಮುಟ್ಟುವಾಗ ಆವಿ ತುಂಬಿ ತುಳುಕುತ್ತಿರುತ್ತದೆ.

ಆದರೆ ಆವಿ ಇದ್ದ ಮಾತ್ರಕ್ಕೆ ಮಳೆ ಬರುವುದಿಲ್ಲ. ಮೇ ತಿಂಗಳಲ್ಲೂ ಬೇಕಾದಷ್ಟು ಆವಿ ಇತ್ತಲ್ಲ. ಅದು ತಣ್ಣಗಾಗಬೇಕು. ತಣ್ಣನೆಯ ಮಜ್ಜಿಗೆ ತುಂಬಿದ ಸ್ಟೀಲ್ ಲೋಟದ ಹೊರಮೈ ಬೆವರುವುದನ್ನು ನೋಡಿದ್ದೀರಿ. ಲೋಟಕ್ಕೆ ತಾಗಿದ ಗಾಳಿ ತಣ್ಣಗಾಗಿ, ಹಿಡಿದಿಡಲಾಗದ ಆವಿಯನ್ನು ನೀರಾಗಿ ಬಿಟ್ಟುಕೊಡುತ್ತದೆ. ಮುಗಿಲಿನಲ್ಲಿ ಗಾಳಿಯನ್ನು ತಣ್ಣಗೆ ಮಾಡುವ ದಾರಿ ಅದನ್ನು ಮೇಲಕ್ಕೆತ್ತುವುದು. ಮೇಲೆ ಹೋದಂತೆ ಒತ್ತಡ ಕಡಿಮೆ. ಗಾಳಿ ಹಿಗ್ಗುತ್ತದೆ, ಹಿಗ್ಗಿದಂತೆ ತಣ್ಣಗಾಗುತ್ತದೆ. ಮೋಡ ಕಟ್ಟದ ಗಾಳಿ ಒಂದು ಕಿಲೋಮೀಟರ್ ಏರಿದರೆ ಸುಮಾರು 10 ಡಿಗ್ರಿ ತಣ್ಣಗಾಗುತ್ತದೆ.

ಈ ಎತ್ತುವ ಕೆಲಸವನ್ನು ಸಹ್ಯಾದ್ರಿ ಮಾಡುತ್ತದೆ. ಉತ್ತರ ಕನ್ನಡದಲ್ಲಿ ಘಟ್ಟ ಅಷ್ಟೇನೂ ಎತ್ತರವಿಲ್ಲ. ಹೆಚ್ಚಿನ ಕಡೆ ಐನೂರು, ಆರುನೂರು ಮೀಟರ್. ಆದರೆ ಜುಲೈಯಲ್ಲಿ ಅಷ್ಟೂ ಬೇಕಾಗಿಲ್ಲ. ಕಡಲಿಂದ ಬಂದ ಗಾಳಿ ಎಷ್ಟು ತೇವವಾಗಿರುತ್ತದೆ ಎಂದರೆ ಇನ್ನೂರು, ಮುನ್ನೂರು ಮೀಟರ್ ಏರುವಷ್ಟರಲ್ಲೇ ಮೋಡ ಕಟ್ಟುತ್ತದೆ. ದೇವಿಮನೆ ಘಟ್ಟದ ನಡುವಿನಲ್ಲಿ ದಾರಿ ಕಾಣದಂತೆ ಮುಸುಕುವುದು ಈ ಮೋಡವೇ. ನಾವು ಮೋಡದೊಳಗೇ ಬಸ್ಸಿನಲ್ಲಿ ಹೋಗುತ್ತಿರುತ್ತೇವೆ. ಆವಿ ನೀರಾಗುವಾಗ ತನ್ನೊಳಗಿದ್ದ ಶಾಖವನ್ನು ಬಿಡುತ್ತದೆ. ಆ ಶಾಖ ಗಾಳಿಯನ್ನು ಇನ್ನಷ್ಟು ಮೇಲಕ್ಕೆ ತಳ್ಳುತ್ತದೆ. ಮೋಡ ಇನ್ನೂ ಬೆಳೆಯುತ್ತದೆ.

ಘಟ್ಟಕ್ಕೆ ತಾಗುವ ಮೊದಲೇ ಕರಾವಳಿಯಲ್ಲಿ ಮಳೆ ಸುರಿಯುವುದಕ್ಕೂ ಘಟ್ಟದ ಪಾಲಿದೆ. ಎದುರಿಗೆ ಗೋಡೆ ಇದ್ದಾಗ ಗಾಳಿಯ ವೇಗ ಮೊದಲೇ ತಗ್ಗುತ್ತದೆ. ಹಿಂದಿನಿಂದ ಬರುವ ಗಾಳಿ ಅದರ ಮೇಲೆ ಒತ್ತುತ್ತದೆ. ಹಾಗೆ ಒತ್ತೊತ್ತಾದ ಗಾಳಿಗೆ ಮೇಲಕ್ಕೆ ಹೋಗುವುದೊಂದೇ ದಾರಿ. ಹಾಗಾಗಿ ದಡದಿಂದ ಘಟ್ಟದ ನೆತ್ತಿಯವರೆಗಿನ ಇಡೀ ಪಟ್ಟಿಗೆ ಮಳೆ. ನೆತ್ತಿ ದಾಟುವಷ್ಟರಲ್ಲಿ ಗಾಳಿಯ ಆವಿಯ ಹೊರೆ ಇಳಿದಿರುತ್ತದೆ. ಕೆಳಕ್ಕೆ ಇಳಿಯುವಾಗ ಮತ್ತೆ ಬಿಸಿಯಾಗಿ ಒಣಗುತ್ತದೆ. ಮುಂಡಗೋಡದ ಬಿಸಿಲು ಅಲ್ಲಿಂದ ಬಂದದ್ದು.

ಮಹಾರಾಷ್ಟ್ರದಲ್ಲಿ ಈ ಬದಲಾವಣೆ ಇನ್ನೂ ಚುರುಕು. ಮಹಾಬಲೇಶ್ವರದಲ್ಲಿ 5,000 ಮಿ.ಮೀ.ಗಿಂತ ಜಾಸ್ತಿ ಮಳೆ. ಅಲ್ಲಿಂದ ಸುಮಾರು 30 ಕಿ.ಮೀ. ದೂರದ ವಾಯಿಯಲ್ಲಿ ಸಾವಿರವೂ ಇಲ್ಲ. ಅಲ್ಲಿ ಘಟ್ಟ ಎತ್ತರ, ಆಚೆ ಬದಿ ಒಮ್ಮೆಲೇ ಇಳಿಜಾರು. ನಮ್ಮಲ್ಲಿ ಘಟ್ಟ ತಗ್ಗು, ಅದರ ಹಿಂದೆ ಗುಡ್ಡ ಕಣಿವೆಗಳ ಅಗಲವಾದ ಪ್ರದೇಶವಿದೆ. ಮಳೆ ನಿಧಾನವಾಗಿ ಕಡಿಮೆಯಾಗುತ್ತ ಹೋಗುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳು ನಿಂತಿರುವುದೇ ಈ ನಿಧಾನದ ಮೇಲೆ.

"ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ, ಕರಾವಳಿಯಲ್ಲಿ ಮಳೆ ಸಾಧ್ಯತೆ" ಎಂದು ಸುದ್ದಿಯಲ್ಲಿ ಹೇಳಿದಾಗ ಕೆಲವರಿಗೆ ಗೊಂದಲ. ಕೊಲ್ಲಿ ಇರುವುದು ಆ ಕಡೆ, ಮಳೆ ಬರುವುದು ಈ ಕಡೆ, ಅದು ಹೇಗೆ? ಒತ್ತಡ ಕುಸಿದ ಜಾಗಕ್ಕೆ ಸುತ್ತಲಿನ ಗಾಳಿ ನುಗ್ಗುತ್ತದೆ. ಒಡಿಶಾ ಕಡೆಯ ಕುಸಿತ ಅರಬ್ಬೀ ಸಮುದ್ರದ ಪಡುಗಾಳಿಯನ್ನೂ ಸೆಳೆಯುತ್ತದೆ. ಆ ಗಾಳಿಗೆ ದಾರಿಯಲ್ಲಿ ಎದುರಾಗುವುದು ನಮ್ಮ ಘಟ್ಟ. ಗಾಳಿ ಬಲವಾದಷ್ಟೂ ಮೇಲೇರುವ ಆವಿ ಜಾಸ್ತಿ, ಮಳೆಯೂ ಜಾಸ್ತಿ. ಕುಸಿತ ದುರ್ಬಲವಾಗಿ, ಕಡಿಮೆ ಒತ್ತಡದ ಪಟ್ಟಿ ಹಿಮಾಲಯದ ಬುಡಕ್ಕೆ ಸರಿದರೆ ಇಲ್ಲಿ ಮಳೆ ಬಿಟ್ಟು ಹೊಳವಾಗುತ್ತದೆ.

ಅಜ್ಜಂದಿರ ಪಂಚಾಂಗ, ಇಲಾಖೆಯ ಬಣ್ಣ

ಹಳ್ಳಿಯಲ್ಲಿ ಈಗಲೂ ಮಳೆಯನ್ನು ನಕ್ಷತ್ರದ ಹೆಸರಿನಲ್ಲೇ ಕರೆಯುತ್ತಾರೆ. ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಹೀಗೆ ಸ್ವಾತಿ, ವಿಶಾಖದವರೆಗೆ. ಇದು ಬರೀ ನಂಬಿಕೆ ಎಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಬೇಸರ. ಇದು ಸೂರ್ಯನ ಲೆಕ್ಕ. ವರ್ಷವನ್ನು 27 ನಕ್ಷತ್ರಗಳಿಗೆ ಹಂಚಿದರೆ ಒಂದೊಂದಕ್ಕೆ ಹದಿಮೂರೂವರೆ ದಿನ. ಮೃಗಶಿರ ಶುರುವಾಗುವುದು ಜೂನ್ 7, 8ರ ಸುಮಾರಿಗೆ. ಆರಿದ್ರ ಜೂನ್ 21, 22ಕ್ಕೆ. ಮಘೆ ಆಗಸ್ಟ್ ನಡುವಿನಲ್ಲಿ. ಹಬ್ಬಗಳ ತಾರೀಖು ಹಿಂದೆ ಮುಂದೆ ಹೋಗುತ್ತದೆ, ಮಳೆ ನಕ್ಷತ್ರದ ತಾರೀಖು ಹೋಗುವುದಿಲ್ಲ. ಹಾಗಾಗಿ ಬೇಸಾಯದ ಕೆಲಸಗಳನ್ನು ಹೊಂದಿಸಿಕೊಳ್ಳಲು ಇದು ಒಳ್ಳೆಯ ಕ್ಯಾಲೆಂಡರ್.

"ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು" ಎನ್ನುವ ಗಾದೆಯಲ್ಲಿ ಅನುಭವವಿದೆ. ಆ ಹೊತ್ತಿಗೆ ನಾಟಿ ಮುಗಿದಿರುತ್ತದೆ, ಬೆಳೆಯುವ ಭತ್ತಕ್ಕೆ ನೀರು ಬೇಕು. ಆದರೆ ಒಂದು ವಿಷಯ ನೆನಪಿಡಬೇಕು. ನಕ್ಷತ್ರ ಸರಾಸರಿಯನ್ನು ಹೇಳುತ್ತದೆ, ಈ ವರ್ಷ ಏನಾಗುತ್ತದೆ ಎಂದು ಹೇಳುವುದಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ನಕ್ಷತ್ರದ ವರ್ಷ ಋತುವಿನ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಅಂದರೆ 70 ವರ್ಷಕ್ಕೆ ಒಂದು ದಿನದಷ್ಟು ಜಾರುತ್ತದೆ. ಒಂದು ತಲೆಮಾರಿಗೆ ತಿಳಿಯುವುದಿಲ್ಲ, ಸಾವಿರ ವರ್ಷಕ್ಕೆ ಹದಿನಾಲ್ಕು ದಿನ. ಒಂದು ಇಡೀ ನಕ್ಷತ್ರದಷ್ಟು.

ಈ ವಾರದ ಮಾತಿಗೆ ಹವಾಮಾನ ಇಲಾಖೆಯನ್ನೇ ಕೇಳಬೇಕು. ಅವರ ಭಾಷೆಯಲ್ಲಿ ಒಂದು ದಿನದಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ. 115.6ರಿಂದ ಅತಿ ಭಾರಿ. 204.5 ಮುಟ್ಟಿದರೆ ಅತ್ಯಂತ ಭಾರಿ. ಹಳದಿ, ಕಿತ್ತಳೆ, ಕೆಂಪು ಬಣ್ಣ ಕೊಡುವಾಗ ಈ ಅಂಕಿಯ ಜೊತೆಗೆ ಹಾನಿಯ ಸಾಧ್ಯತೆಯನ್ನೂ ನೋಡುತ್ತಾರೆ.

ಮಿಲಿಮೀಟರ್ ಕೇಳಿದರೆ ಕಣ್ಣಿಗೆ ಕಟ್ಟುವುದಿಲ್ಲ. ಗುಂಟೆ ಲೆಕ್ಕಕ್ಕೆ ತನ್ನಿ. ಒಂದು ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರ್‌ಗೆ ಒಂದು ಲೀಟರ್ ನೀರು. ಒಂದು ಗುಂಟೆಗೆ ಸುಮಾರು 100 ಲೀಟರ್. ಕೆಂಪು ಎಚ್ಚರಿಕೆಯ ದಿನ 205 ಮಿ.ಮೀ. ಬಂದರೆ ಹತ್ತು ಗುಂಟೆ ತೋಟದ ಮೇಲೆ ಎರಡು ಲಕ್ಷ ಲೀಟರ್ ಬಿತ್ತು ಎಂದಾಯಿತು. ತೋಟದ ನೀರು ಹೊರಹೋಗುವ ಕಾಲುವೆಯ, ಅಂದರೆ ಕಪ್ಪಿನ, ಬಾಯಿ ಮುಚ್ಚಿದ್ದರೆ ಅಷ್ಟೂ ನೀರು ಅಡಿಕೆ ಬುಡದಲ್ಲೇ.

ಕೊಳೆ, ಕಡಲು, ಕುಸಿತ

ಅಡಿಕೆ ಬೆಳೆಗಾರರಿಗೆ ಒಟ್ಟು ಮಳೆಗಿಂತ ಮಳೆಯ ರೀತಿ ಮುಖ್ಯ. ಕೊಳೆ ರೋಗ ತರುವ ಶಿಲೀಂಧ್ರದಂಥ ಜೀವಿಗೆ ಬೇಕಾದದ್ದು ತಂಪು, ಬಿಡದ ತೇವ, ನಡುನಡುವೆ ಸ್ವಲ್ಪ ಬಿಸಿಲು. ನೀರಿನ ಹನಿಯಲ್ಲೇ ಅದು ಈಜಿ ಕಾಯಿಯಿಂದ ಕಾಯಿಗೆ ಹೋಗುತ್ತದೆ. ಅದಕ್ಕೇ ಮಳೆಗಾಲದ ಮೊದಲೇ ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಬೋರ್ಡೋ ಮದ್ದು ಹೊಡೆಯುವುದು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹೊಡೆದದ್ದು ಗೊನೆಗೆ ಅಂಟಿ ಒಣಗಲು ಕೆಲವು ತಾಸು ಹೊಳವು ಬೇಕು. ಎರಡನೇ ಮದ್ದಿನ ಹೊತ್ತಿಗೆ ಜುಲೈ ನಡುವಾಗಿರುತ್ತದೆ. ಆ ಹೊಳವೇ ಸಿಗುವುದಿಲ್ಲ. ಮರ ಜಾರುತ್ತದೆ, ಮರ ಹತ್ತುವ ಕೊನೆಗೌಡರು ಸಿಗುವುದೂ ಕಷ್ಟ. ಒಂದು ವಾರ ಮಳೆ ಬಿಡಲಿಲ್ಲ ಎಂದರೆ ವರ್ಷದ ಫಸಲೇ ಉದುರುತ್ತದೆ. ಮಳೆ ಸರಾಸರಿಗಿಂತ ಕಡಿಮೆ ಬಂದ ವರ್ಷವೂ ಕೊಳೆ ಜೋರಾಗಬಹುದು, ದಿನವಿಡೀ ಜಿನುಗುತ್ತಿದ್ದರೆ.

ಕಡಲಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, 61 ದಿನ. ಅಲೆಯ ಅಪಾಯ ಒಂದು ಕಾರಣ, ಮೀನು ಮರಿ ಮಾಡುವ ಕಾಲ ಇನ್ನೊಂದು. ಮುಂಗಾರಿನ ಗಾಳಿ, ಪ್ರವಾಹಗಳಿಂದ ಆಳದ ತಣ್ಣೀರು ದಡದ ಬಳಿ ಮೇಲಕ್ಕೆ ಬರುತ್ತದೆ. ಅದರಲ್ಲಿ ಮೀನಿನ ಮೇವು ಬೆಳೆಸುವ ಸತ್ವವಿರುತ್ತದೆ.

ಮೂರು ಸಾವಿರ ಮಿ.ಮೀ. ಮಳೆ ಬರುವ ಊರಿಗೆ ಏಪ್ರಿಲ್‌ನಲ್ಲಿ ಟ್ಯಾಂಕರ್ ಯಾಕೆ ಬರುತ್ತದೆ? ಮಳೆಯ ಬಹುಪಾಲು ನಾಲ್ಕು ತಿಂಗಳಲ್ಲೇ ಸುರಿದು ಹೋಗುತ್ತದೆ. ಕರಾವಳಿಯ ಚಿರೇಕಲ್ಲಿನ ನೆಲದಲ್ಲಿ ತೂತುಗಳು ಜಾಸ್ತಿ. ನೀರು ಬೇಗ ಇಳಿಯುತ್ತದೆ, ಬೇಗ ಬದಿಯಿಂದ ಹೊರಗೂ ಬರುತ್ತದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಇವೆಲ್ಲ ಗಿಡ್ಡ ನದಿಗಳು. ಘಟ್ಟದಿಂದ ಬಿದ್ದ ನೀರು ಬೇಗನೆ ಕಡಲು ಸೇರುತ್ತದೆ. ಬೇಸಿಗೆಯಲ್ಲಿ ಹೊಳೆಯ ಬಲ ತಗ್ಗಿದಾಗ ಉಬ್ಬರದ ಉಪ್ಪು ನೀರು ಒಳಕ್ಕೆ ಬರುತ್ತದೆ. ಬಾವಿಗಳೂ ಉಪ್ಪಾಗುತ್ತವೆ. ಅಘನಾಶಿನಿಯ ಬದಿಯಲ್ಲಿ ಉಪ್ಪು ನೀರು ನುಗ್ಗುವ ಗಜನಿ ಗದ್ದೆಗಳ ರೈತರು ಇದಕ್ಕೆ ಹೊಂದಿಕೊಂಡೇ ಉಪ್ಪು ತಾಳುವ ಕಗ್ಗ ಭತ್ತ ಬೆಳೆದರು. ಮಳೆಗಾಲದ ನೀರು ಉಪ್ಪನ್ನು ತೊಳೆದಾಗ ಬೆಳೆ, ಆಮೇಲೆ ಸಿಗಡಿ, ಮೀನು. ಹವೆಯನ್ನು ಇಷ್ಟು ಚೆನ್ನಾಗಿ ಓದಿದ ಬೇಸಾಯ ಕಡಿಮೆ.

ಗುಡ್ಡ ಕುಸಿತದ ವಿಷಯಕ್ಕೆ ಬಂದರೆ ಮನಸ್ಸು ಭಾರವಾಗುತ್ತದೆ. 2009ರ ಅಕ್ಟೋಬರ್‌ನಲ್ಲಿ ಕಾರವಾರದ ಕಡವಾಡದಲ್ಲಿ, 2021ರ ಜುಲೈಯಲ್ಲಿ ಯಲ್ಲಾಪುರದ ಕಳಚೆಯಲ್ಲಿ, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜಾರಿತು. ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಬಿದ್ದ ಮಣ್ಣು ಜನರನ್ನೂ ಲಾರಿಯನ್ನೂ ಗಂಗಾವಳಿಗೆ ತಳ್ಳಿತು. ಇಲ್ಲಿಯ ಗುಡ್ಡಗಳಲ್ಲಿ ಮೇಲೆ ಗಟ್ಟಿ ಚಿರೇಕಲ್ಲು, ಅದರ ಕೆಳಗೆ ಹಲವು ಕಡೆ ಮೆತ್ತನೆಯ ಶೇಡಿ ಮಣ್ಣು. ಮೇಲಿನ ಪದರ ನೀರನ್ನು ಬಿಟ್ಟುಕೊಡುತ್ತದೆ, ಕೆಳಗಿನದು ಹಿಡಿದುಕೊಳ್ಳುತ್ತದೆ. ಹಲವು ದಿನ ಮಳೆ ಬಂದು ಮಣ್ಣಿನ ಸಂದುಗಳೆಲ್ಲ ತುಂಬಿದಾಗ ಒಳಗಿನ ನೀರು ಕಣಗಳನ್ನು ಒಂದರಿಂದ ಒಂದು ಬಿಡಿಸುತ್ತದೆ. ಆಗ ಒಂದು ಜೋರು ಮಳೆ ಸಾಕು. ಗುಡ್ಡದ ಬುಡವನ್ನು ನೆಟ್ಟಗೆ ಕಡಿದು ರಸ್ತೆ ಮಾಡಿದ್ದರೆ ಆಧಾರವೂ ಹೋಗಿರುತ್ತದೆ. ಮಳೆಯನ್ನು ತಡೆಯಲು ಆಗುವುದಿಲ್ಲ. ಗುಡ್ಡವನ್ನು ಹೇಗೆ ಕಡಿಯಬೇಕು ಎನ್ನುವುದು ನಮ್ಮ ಕೈಯಲ್ಲೇ ಇದೆ.

ಮಂಜಿನ ತಿಂಗಳು, ಬದಲಾದ ಕಡಲು

ಅಕ್ಟೋಬರ್ ನಡುವಿನ ಹೊತ್ತಿಗೆ ಮುಂಗಾರು ಹಿಂದೆ ಸರಿಯುತ್ತದೆ. ಆಮೇಲೆ ಮುಗಿಲು ತಿಳಿ. ಘಟ್ಟದ ಮೇಲೆ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ತಣ್ಣನೆಯ ಭಾರದ ಗಾಳಿ ಇಳಿದು ಕಣಿವೆಯ ತೋಟಗಳಲ್ಲಿ ನಿಲ್ಲುತ್ತದೆ. ಅಲ್ಲಿ ಹಳ್ಳದ ತೇವವೂ ಸೇರಿ ಬೆಳಗಿನ ಮಂಜು. ಬಿಸಿಲು ಏರಿದಂತೆ ಕರಗುತ್ತದೆ. ಅಡಿಕೆ ಒಣಗಿಸಲು ಈ ಒಣ ಬಿಸಿಲೇ ಆಧಾರ. ನವೆಂಬರ್, ಡಿಸೆಂಬರ್‌ನಲ್ಲಿ ಬಂಗಾಳ ಕೊಲ್ಲಿಯ ಚಂಡಮಾರುತದ ಮೋಡ ಇಲ್ಲಿಯವರೆಗೆ ಬಂದರೆ ಅಂಗಳದಲ್ಲಿ ಹರಡಿದ ಅಡಿಕೆ ಎತ್ತುವುದೇ ಕೆಲಸ.

ಮೊದಲು ಚಂಡಮಾರುತ ಎಂದರೆ ಪೂರ್ವ ಕರಾವಳಿಯ ಸುದ್ದಿ. ಈಗ ಅರಬ್ಬೀ ಸಮುದ್ರವೂ ಬಿಸಿಯಾಗುತ್ತಿದೆ. ಮೇ ತಿಂಗಳಲ್ಲಿ ಅದರ ಮೇಲ್ಮೈ 30 ಡಿಗ್ರಿ ದಾಟುತ್ತದೆ. 2019ರ ಅಕ್ಟೋಬರ್‌ನಲ್ಲಿ ಕ್ಯಾರ್, 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತಗಳು ನಮ್ಮ ದಡದಾಚೆಯ ಕಡಲಿನಲ್ಲೇ ಹಾದುಹೋದವು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿಯಬಲ್ಲ ಆವಿ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. ಅಂದರೆ ಸುರಿಯುವಾಗ ಒಮ್ಮೆಲೇ ಸುರಿಯಲು ಸಾಮಾನು ಜಾಸ್ತಿ. ವರ್ಷದ ಒಟ್ಟು ಮಳೆ ಅಷ್ಟೇ ಇದ್ದರೂ ಕಡಿಮೆ ದಿನಗಳಲ್ಲಿ, ಕಡಿಮೆ ತಾಸುಗಳಲ್ಲಿ ಬಂದುಬಿಟ್ಟರೆ ತೋಟಕ್ಕೂ ಗುಡ್ಡಕ್ಕೂ ಬಾವಿಗೂ ಅದು ಬೇರೆಯೇ ಮಳೆ.

ಹಾಗಾಗಿ ಮನೆಯಲ್ಲಿ ಮಳೆ ಅಳೆದು ಬರೆದಿಡುವ ಕೃಷಿಕರ ಬಗ್ಗೆ ನನಗೆ ತುಂಬ ಗೌರವ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಳೆಮಾಪಕ ಇಟ್ಟಿದೆ. ಆದರೆ ಘಟ್ಟದ ಊರಿನಲ್ಲಿ ಒಂದು ಗುಡ್ಡದ ಈಚೆ ಆಚೆಗೇ ಮಳೆ ಬೇರೆ. ನೀವೂ ಶುರು ಮಾಡಬಹುದು. ಬುಡದಿಂದ ಬಾಯಿಯವರೆಗೆ ಒಂದೇ ಅಗಲ ಇರುವ ಪಾತ್ರೆ, ಒಂದು ಸ್ಕೇಲು ಸಾಕು. ಮರ, ಮಾಡಿನ ಮರೆ ಇಲ್ಲದ ಜಾಗದಲ್ಲಿ ಇಡಿ. ಇಲಾಖೆಯಂತೆ ಬೆಳಿಗ್ಗೆ ಎಂಟೂವರೆಗೆ ಅಳೆಯಿರಿ, ಚೆಲ್ಲಿ ಮತ್ತೆ ಇಡಿ. ಪುಸ್ತಕದಲ್ಲಿ ಮಿ.ಮೀ. ಪಕ್ಕ ಇನ್ನೊಂದು ಸಾಲು ಇರಲಿ: ಮಳೆ ಎಷ್ಟು ತಾಸು ಬಂತು, ಹೊಳವು ಯಾವಾಗ ಸಿಕ್ಕಿತು. ಮದ್ದು ಹೊಡೆಯುವ ದಿನ ಗೊತ್ತುಮಾಡಲು, ಗುಡ್ಡದ ಬುಡದ ಮನೆಯಿಂದ ಯಾವಾಗ ಹೊರಡಬೇಕು ಎಂದು ತೀರ್ಮಾನಿಸಲು ಆ ಎರಡನೇ ಸಾಲೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.